ಬೀರುವಿನ ಬೀಗ ತೆಗೆಯುವುದರಿಂದ ಶುರು: ವಿಜ್ಞಾನ ಕಲಿಕೆಗಾಗಿ ಮುಖ್ಯ ಶಿಕ್ಷಕರ ಒಂದು ವರ್ಷದ ತಯಾರಿ

ಕನ್ನಡವನ್ನೋ ಸಮಾಜ ವಿಜ್ಞಾನವನ್ನೋ ಓದಿ ಬಂದ ಮುಖ್ಯ ಶಿಕ್ಷಕರು ವಿಜ್ಞಾನದ ಪಿರಿಯಡ್‌ಗೆ ಹೋಗಿ ಕೂರಲು ಹಿಂಜರಿಯುತ್ತಾರೆ. ‘ಅವರ ಸಬ್ಜೆಕ್ಟು ಅವರಿಗೆ, ನಮಗೇನು ಗೊತ್ತಾಗುತ್ತೆ’ ಎಂದು ಪಾಠ ಯೋಜನೆಯ ಪುಸ್ತಕಕ್ಕೆ ಸಹಿ ಹಾಕಿ ಮುಗಿಸುತ್ತಾರೆ. ವಿಜ್ಞಾನವನ್ನೇ ಓದಿ ಬಂದವರ ತಾಪತ್ರಯ ಬೇರೆ. ಕೂತು ಹತ್ತು ನಿಮಿಷವಾಗುವಷ್ಟರಲ್ಲಿ ಎದ್ದು ತಾವೇ ಪಾಠ ಮಾಡಬೇಕೆನ್ನಿಸುತ್ತದೆ. ಎರಡೂ ಕಡೆ ಕೈತಪ್ಪುವ ಕೆಲಸ ಒಂದೇ: ಮಕ್ಕಳು ಏನು ಮಾಡುತ್ತಿದ್ದಾರೆ, ಏನೆಂದುಕೊಂಡಿದ್ದಾರೆ ಎಂದು ನೋಡುವುದು. ಅದನ್ನು ನೋಡಲು ವಿಜ್ಞಾನದ ಪದವಿ ಬೇಕಿಲ್ಲ, ಅಭ್ಯಾಸ ಬೇಕು. ಬೆಂಗಳೂರಿನ ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಜೂನ್‌ನಿಂದ ಏಪ್ರಿಲ್‌ವರೆಗೆ ಆ ಅಭ್ಯಾಸ ಮಾಡಿಕೊಳ್ಳುವ ಬಗೆ ಇಲ್ಲಿದೆ.

ಮೊದಲು 50 ಗಂಟೆಗಳ ಲೆಕ್ಕ

ಶಿಕ್ಷಕರಿಗೂ ಶಾಲಾ ಮುಖ್ಯಸ್ಥರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಅಷ್ಟನ್ನೂ ಸಭಾಂಗಣದಲ್ಲಿ ಪಿಪಿಟಿ ನೋಡುತ್ತಾ ಕಳೆದರೆ ಹಾಜರಾತಿ ಸಿಗುತ್ತದೆ, ತರಗತಿ ಇದ್ದಲ್ಲೇ ಇರುತ್ತದೆ. ಇಲಾಖೆ ಕರೆಯುವ ತರಬೇತಿಗೆ ಹೋಗಲೇಬೇಕು, ಅದರ ಲೆಕ್ಕ ಬೇರೆ. ಶಾಲೆಯೊಳಗೆ ನೀವೇ ಮಾಡಿಕೊಳ್ಳುವ 50 ಗಂಟೆಗಳನ್ನು ಹೀಗೆ ಹಂಚಬಹುದು: ತರಗತಿ ವೀಕ್ಷಣೆ ಮತ್ತು ನಂತರದ ಮಾತುಕತೆ ಸೇರಿ ಒಂದೊಂದು ಗಂಟೆಯಂತೆ 12 ಸಲ, ಅಂದರೆ 12 ಗಂಟೆ. ವಿಜ್ಞಾನ ಶಿಕ್ಷಕರೊಂದಿಗೆ ತಿಂಗಳಿಗೊಮ್ಮೆ ಒಂದೂವರೆ ಗಂಟೆಯ ಸಭೆ 9 ಸಲ, 13.5 ಗಂಟೆ. ಪ್ರಯೋಗಗಳನ್ನು ನಿಮ್ಮ ಕೈಯಾರೆ ಮಾಡಿ ನೋಡಲು 8 ಗಂಟೆ. ಅಕ್ಕಪಕ್ಕದ ಶಾಲೆಗಳ ಮುಖ್ಯ ಶಿಕ್ಷಕರ ಜೊತೆ ಎರಡೆರಡು ಗಂಟೆಯಂತೆ 6 ಭೇಟಿ, 12 ಗಂಟೆ. ಉಳಿದ ನಾಲ್ಕೂವರೆ ಗಂಟೆ ಹೊರಸಂಚಾರದ ಜಾಗವನ್ನು ಮುಂಚಿತವಾಗಿ ನೋಡಿಬರಲು.

ಇದನ್ನು ಜೂನ್ ಮೊದಲ ವಾರವೇ ಡೈರಿಯಲ್ಲಿ ದಿನಾಂಕ ಸಮೇತ ಬರೆದುಬಿಡಿ. ‘ಬಿಡುವಾದಾಗ ನೋಡೋಣ’ ಎಂದರೆ ಸಮೀಕ್ಷೆ, ಚುನಾವಣಾ ಕೆಲಸ, ಪ್ರತಿಭಾ ಕಾರಂಜಿ, ಬಿಸಿಯೂಟದ ಲೆಕ್ಕ ಎಲ್ಲವೂ ಆ ಬಿಡುವನ್ನು ನುಂಗುತ್ತವೆ. 12 ವೀಕ್ಷಣೆಗಳಲ್ಲಿ 8 ನಡೆದರೂ ಸೋಲಲ್ಲ. ದಿನಾಂಕವೇ ಇಲ್ಲದಿದ್ದರೆ ಎರಡು ವೀಕ್ಷಣೆ ಕೂಡ ನಡೆಯುವುದಿಲ್ಲ.

ಜೂನ್: ಪ್ರಯೋಗಾಲಯದ ಬೀರು

ಮೊದಲ ವಾರ ವಿಜ್ಞಾನ ಶಿಕ್ಷಕರ ಜೊತೆ ಕೂತು ಬೀರು ತೆಗೆಸಿ. ಪ್ರತಿ ವಸ್ತುವನ್ನು ಮೂರು ಗುಂಪಿಗೆ ಹಾಕಿ: ಇವತ್ತೇ ಬಳಸಬಹುದಾದದ್ದು, ಸಣ್ಣ ರಿಪೇರಿ ಬೇಕಾದದ್ದು, ವಿಲೇವಾರಿಗೆ ಹೋಗಬೇಕಾದದ್ದು. ಸೂಕ್ಷ್ಮದರ್ಶಕದ ಕನ್ನಡಿ ಮಬ್ಬಾಗಿದೆಯೇ ನೋಡಿ. ಆಮ್ಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆಯೇ, ಥರ್ಮಾಮೀಟರಿನ ಪಾದರಸದ ಎಳೆ ನಡುವೆ ತುಂಡಾಗಿದೆಯೇ ನೋಡಿ. ಹೆಸರಿನ ಚೀಟಿ ಬಿದ್ದುಹೋದ ರಾಸಾಯನಿಕದ ಬಾಟಲಿಯನ್ನು ಮೂಸಿ ಗುರುತಿಸಲು ಹೋಗಬೇಡಿ, ಅದು ನೇರವಾಗಿ ಮೂರನೇ ಗುಂಪಿಗೆ. ಅದನ್ನು ಸಿಂಕಿಗೂ ಸುರಿಯಬಾರದು. ಬೇರೆಯಾಗಿ ಮುಚ್ಚಿಟ್ಟು, ಇಲಾಖೆಗೆ ಬರೆದು ವಿಲೇವಾರಿ ಮಾಡಿಸಬೇಕು.

ಬೀರು ವರ್ಷಪೂರ್ತಿ ಮುಚ್ಚಿರಲು ಸಾಮಾನುಗಳ ಕೊರತೆಗಿಂತ ದಾಸ್ತಾನು ಪುಸ್ತಕದ ಭಯವೇ ಹೆಚ್ಚು ಕಾರಣ. ಒಂದು ಬೀಕರ್ ಒಡೆದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡಬೇಕು, ಕೈಯಿಂದ ಕಟ್ಟಬೇಕಾದೀತೇ ಎಂಬ ಅಳುಕು. ಈ ಭಯ ತೆಗೆಯಬಲ್ಲವರು ಶಾಲೆಯಲ್ಲಿ ಮುಖ್ಯ ಶಿಕ್ಷಕರೊಬ್ಬರೇ. ಒಂದು ನೋಟ್‌ಬುಕ್ಕಿನ ಮೇಲೆ ‘ಬಳಕೆಯಲ್ಲಿ ಒಡೆದವು’ ಎಂದು ಬರೆಸಿ ಬೀರುವಿನೊಳಗೇ ಇಡಿ. ದಿನಾಂಕ, ತರಗತಿ, ವಸ್ತು, ಯಾವ ಪ್ರಯೋಗ, ಶಿಕ್ಷಕರ ಸಹಿ, ಪಕ್ಕದಲ್ಲಿ ನಿಮ್ಮ ಸಹಿ. ತಿಂಗಳ ಕೊನೆಗೆ ಅದನ್ನು ದಾಸ್ತಾನು ಪುಸ್ತಕಕ್ಕೆ ಸೇರಿಸಿ. ವರ್ಷವಿಡೀ ಆ ನೋಟ್‌ಬುಕ್ ಖಾಲಿ ಇದ್ದರೆ ಖುಷಿಪಡಬೇಡಿ, ಏನೂ ಒಡೆದಿಲ್ಲವೆಂದರೆ ಏನೂ ಹೊರಬಂದಿಲ್ಲ.

ಕೊಳ್ಳುವುದಿದ್ದರೆ ದುಬಾರಿ ಮಾದರಿಗಳಿಗಿಂತ ಮೊದಲು ಪ್ರತಿ ನಾಲ್ಕು ಮಕ್ಕಳಿಗೆ ಒಂದರಂತೆ ಸಿಗುವ ಸಣ್ಣ ಸಾಮಾನು ಕೊಳ್ಳಿ. 40 ಮಕ್ಕಳ ತರಗತಿಗೆ 10 ಗುಂಪು. ಗುಂಪಿಗೆ ಎರಡು 1.5 ವೋಲ್ಟ್ ಸೆಲ್, ಒಂದು ಟಾರ್ಚ್ ಬಲ್ಬ್, ಒಂದು ಕೆಂಪು ಎಲ್‌ಇಡಿ, ನಾಲ್ಕು ತುಂಡು ವೈರ್. ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ರಸೀದಿಯನ್ನು ಶಾಲೆಯ ಹೆಸರಿಗೇ ಬರೆಸಿಕೊಳ್ಳಿ, ಆಮೇಲೆ ತಿದ್ದಿಸಲು ಮತ್ತೊಮ್ಮೆ ಆ ಜನಜಂಗುಳಿಗೆ ಇಳಿಯುವ ಕಷ್ಟ ಬೇಡ.

ಕೈಯಾರೆ ಮಾಡಿ ನೋಡಿ: 97 ಡಿಗ್ರಿಯ ಪಾಠ

ವೀಕ್ಷಣೆಗೆ ಹೋಗುವ ಮೊದಲು ಎರಡು ಮೂರು ಪ್ರಯೋಗಗಳನ್ನು ನೀವೇ ಮಾಡಿ. ಶಿಕ್ಷಕರಿಗೆ ಯಾವುದು ಕಷ್ಟ ಎನ್ನುವುದು ಆಗಲೇ ಗೊತ್ತಾಗುವುದು. ಶುರುಮಾಡಲು ನೀರು ಕುದಿಸುವುದಕ್ಕಿಂತ ಒಳ್ಳೆಯದಿಲ್ಲ.

250 ಮಿಲಿಯ ಬೀಕರ್‌ಗೆ 150 ಮಿಲಿ ನೀರು ಹಾಕಿ, ಮುಕ್ಕಾಲಿಯ ತಂತಿ ಬಲೆಯ ಮೇಲಿಟ್ಟು ಸ್ಪಿರಿಟ್ ದೀಪದಿಂದ ಕಾಯಿಸಿ. ಥರ್ಮಾಮೀಟರನ್ನು ಸ್ಟ್ಯಾಂಡಿಗೆ ದಾರದಿಂದ ಕಟ್ಟಿ, ಅದರ ಬುರುಡೆ ನೀರಿನ ನಡುವೆ ಇರುವಂತೆ ಇಳಿಬಿಡಿ. ನಿಮಿಷಕ್ಕೊಮ್ಮೆ ಉಷ್ಣತೆ ಬರೆಯಿರಿ. ಕಾಯುವ ಹೊತ್ತು ಬೇಸರ ಬರಿಸುವಷ್ಟು ಉದ್ದ. ಪಿರಿಯಡ್ 40 ನಿಮಿಷದ್ದಾದರೆ ಬಿಸಿಯೂಟದ ಅಡುಗೆಮನೆಯಿಂದ ಮೊದಲೇ ಬಿಸಿ ನೀರು ತಂದಿಟ್ಟುಕೊಳ್ಳಬೇಕು ಎಂಬ ಮೊದಲ ಪಾಠ ಇಲ್ಲೇ ಸಿಕ್ಕಿತು. ನೀರು ಕೊತಕೊತ ಕುದಿಯತೊಡಗಿದ ಮೇಲೆ ಮುಳುಗಿದ ಥರ್ಮಾಮೀಟರ್ ಸುಮಾರು 97 ಡಿಗ್ರಿ ಸೆಲ್ಸಿಯಸ್ ತೋರಿಸಿ ನಿಂತುಬಿಡುತ್ತದೆ. ಪುಸ್ತಕದಲ್ಲಿರುವುದು 100.

ಬಹಳಷ್ಟು ತರಗತಿಗಳಲ್ಲಿ ಈ ಘಳಿಗೆಯಲ್ಲಿ ಕೇಳಿಬರುವ ಮಾತು: ‘ಥರ್ಮಾಮೀಟರ್ ಸರಿಯಿಲ್ಲ, ನೂರು ಅಂತಲೇ ಬರ್ಕೊಳ್ಳಿ.’ ಕಣ್ಣಾರೆ ಕಂಡದ್ದನ್ನು ಅಳಿಸಿ ಪುಸ್ತಕದ್ದನ್ನು ಬರೆಯುವುದೇ ವಿಜ್ಞಾನ ಎಂದು ಆ ಒಂದು ವಾಕ್ಯ ಮಕ್ಕಳಿಗೆ ಕಲಿಸುತ್ತದೆ. ನಿಜದಲ್ಲಿ ಥರ್ಮಾಮೀಟರಿನ ತಪ್ಪೇನೂ ಇಲ್ಲದಿರಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಂತೆ ಕುದಿಯುವ ಬಿಂದುವೂ ಕಡಿಮೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಎಂದು ಲೆಕ್ಕ ಹಾಕಿದರೆ 97 ಬರುತ್ತದೆ. ಮಂಗಳೂರಿನಲ್ಲಿ ಇದೇ ಪ್ರಯೋಗ ನೂರರ ಹತ್ತಿರ ನಿಲ್ಲುತ್ತದೆ. ಕುಕ್ಕರ್ ಒಳಗೆ ಒತ್ತಡ ಹೆಚ್ಚಾಗಿ ನೂರನ್ನು ದಾಟುತ್ತದೆ, ಬೇಳೆ ಬೇಗ ಬೇಯುತ್ತದೆ.

ಹಾಗಾದರೆ ತಪ್ಪು ಥರ್ಮಾಮೀಟರಿನದೋ ಊರಿನ ಎತ್ತರದ್ದೋ? ಅದನ್ನೂ ಮಕ್ಕಳೇ ಪರೀಕ್ಷಿಸಲಿ. ಅದೇ ಥರ್ಮಾಮೀಟರನ್ನು ಕರಗುತ್ತಿರುವ ಪುಡಿ ಐಸಿನಲ್ಲಿ ಎರಡು ನಿಮಿಷ ಇಡಿ. ಐಸ್ ಕರಗುವ ಉಷ್ಣತೆ ಈ ಎತ್ತರದ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಸೊನ್ನೆಯೇ ಬರಬೇಕು. ಅಲ್ಲಿ ಒಂದು ಡಿಗ್ರಿ ಕೆಳಗೆ ತೋರಿಸಿದರೆ ದೋಷ ಥರ್ಮಾಮೀಟರಿನದು, ಆ ವ್ಯತ್ಯಾಸವನ್ನು ಕುದಿಯುವ ಅಂಕಿಗೂ ಸೇರಿಸಿ ನೋಡಬಹುದು. ಬುರುಡೆ ಬೀಕರಿನ ತಳಕ್ಕೆ ತಾಗಿದ್ದರೆ ಅಂಕಿ ಹೆಚ್ಚು ಬರುತ್ತದೆ, ನೀರಿನಿಂದ ಮೇಲೆದ್ದಿದ್ದರೆ ಕಡಿಮೆ. ಮೂರು ಗುಂಪಿಗೆ 96, 97, 98 ಬಂದರೆ ಮೂರನ್ನೂ ಬೋರ್ಡಿನ ಮೇಲೆ ಬರೆಯಲಿ. ಯಾಕೆ ಬೇರೆ ಬೇರೆ ಬಂತು ಎಂಬ ಚರ್ಚೆಯೇ ಅವತ್ತಿನ ಪಾಠ.

ಎರಡನೆಯದು ವಿದ್ಯುತ್ ಮಂಡಲ. ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದೇ ಒಂದು ವೈರ್. ಇಷ್ಟರಲ್ಲೇ ಬಲ್ಬ್ ಉರಿಸಬೇಕು. ಬಲ್ಬಿನ ಪಕ್ಕದ ಲೋಹ ಒಂದು ತುದಿ, ಅಡಿಯ ಬೊಟ್ಟು ಇನ್ನೊಂದು ತುದಿ ಎನ್ನುವುದು ಹೊಳೆಯದೆ ಪದವೀಧರರೂ ಐದು ನಿಮಿಷ ಪರದಾಡುತ್ತಾರೆ. ಬಲ್ಬಿನ ಬದಲು ಎಲ್‌ಇಡಿ ಇಟ್ಟು ಒಂದೇ ಸೆಲ್ ಜೋಡಿಸಿದರೆ ಉರಿಯದು. ಕೆಂಪು ಎಲ್‌ಇಡಿಗೂ ಹತ್ತಿರಹತ್ತಿರ 2 ವೋಲ್ಟ್ ಬೇಕು, ಆದ್ದರಿಂದ ಎರಡು ಸೆಲ್. ಉದ್ದ ಕಾಲು ಧನ ತುದಿಗೆ ಹೋಗಬೇಕು, ತಿರುಗಾಮುರುಗಾ ಆದರೆ ಕತ್ತಲೆ. ಈ ಎರಡು ಕಾರಣಕ್ಕೇ ‘ಎಲ್‌ಇಡಿ ಹಾಳಾಗಿದೆ’ ಎಂದು ಎಷ್ಟೋ ಶಾಲೆಗಳಲ್ಲಿ ಅದನ್ನು ಎಸೆದುಬಿಡುತ್ತಾರೆ.

ಸುರಕ್ಷತೆಯ ಮೂರು ಮಾತನ್ನೂ ಇದೇ ಹೊತ್ತಿಗೆ ಗಟ್ಟಿ ಮಾಡಿಕೊಳ್ಳಿ. ಎಲೆಯಲ್ಲಿ ಪಿಷ್ಟ ಪರೀಕ್ಷಿಸುವಾಗ ಸ್ಪಿರಿಟ್ಟನ್ನು ಎಂದೂ ನೇರ ಉರಿಯ ಮೇಲಿಡಕೂಡದು. ಅದು ಸುಮಾರು 78 ಡಿಗ್ರಿಯಲ್ಲೇ ಕುದಿದು ಅದರ ಆವಿ ಬೆಂಕಿ ಹಿಡಿಯುತ್ತದೆ. ನೀರು ಕಾಯಿಸಿ, ದೀಪ ಆರಿಸಿ, ಆಮೇಲೆ ಸ್ಪಿರಿಟ್ ಇರುವ ಪ್ರನಾಳವನ್ನು ಆ ಬಿಸಿ ನೀರಿನಲ್ಲಿಡಬೇಕು. ಉರಿದು ಬಿಸಿಯಾಗಿರುವ ದೀಪಕ್ಕೆ ಸ್ಪಿರಿಟ್ ತುಂಬಬಾರದು. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಮರಳಿನ ಬಕೆಟ್ ಬಾಗಿಲ ಹತ್ತಿರವಿರಲಿ, ಬೀರುವಿನ ಹಿಂದೆ ಅಲ್ಲ.

ಜುಲೈನಿಂದ: ಹಿಂದಿನ ಬೆಂಚಿನಲ್ಲಿ ಕೂರುವುದು

ವೀಕ್ಷಣೆಯ ದಿನವನ್ನು ಹಿಂದಿನ ದಿನವೇ ತಿಳಿಸಿ. ದಿಢೀರ್ ಹೋದರೆ ತಪಾಸಣೆಯಾಗುತ್ತದೆ, ಶಿಕ್ಷಕರ ಗಮನವೆಲ್ಲ ನಿಮ್ಮ ಮುಖದ ಮೇಲಿರುತ್ತದೆ. ಗಂಟೆ ಹೊಡೆಯುವ ಮೊದಲೇ ಹೋಗಿ ಮಕ್ಕಳ ನಡುವೆ ಕೂತುಕೊಳ್ಳಿ, ಕಪ್ಪುಹಲಗೆಯ ಪಕ್ಕದ ಕುರ್ಚಿಯಲ್ಲಿ ಅಲ್ಲ. ಇಡೀ ಪಿರಿಯಡ್ ಇರಿ. ಫೋನ್ ಆಫೀಸಿನಲ್ಲಿರಲಿ.

ಹಾಳೆಯಲ್ಲಿ ಮೂರು ಕಾಲಂ ಸಾಕು: ಹೊತ್ತು, ಶಿಕ್ಷಕರು ಮಾಡಿದ್ದು, ಮಕ್ಕಳು ಮಾಡಿದ್ದು. ಮೂರನೆಯದು ಖಾಲಿ ಉಳಿದರೆ ನೀವು ತಪ್ಪು ಕಡೆ ನೋಡುತ್ತಿದ್ದೀರಿ. ‘ಪಾಠ ಚೆನ್ನಾಗಿತ್ತು’, ‘ಮಕ್ಕಳು ಸಕ್ರಿಯರಾಗಿದ್ದರು’ ಎಂಬ ತೀರ್ಪು ಬರೆಯಬೇಡಿ. ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಬರೆಯಿರಿ. ಪ್ರಶ್ನೆಗಳಿಗೆ ಎರಡು ಗುರುತು ಇಟ್ಟುಕೊಳ್ಳಿ: ಒಂದೇ ಪದದಲ್ಲಿ, ಇಡೀ ತರಗತಿ ಕೋರಸ್ಸಿನಲ್ಲಿ ಉತ್ತರಿಸುವಂಥವು; ‘ಯಾಕೆ’, ‘ಹೇಗೆ ಗೊತ್ತಾಯ್ತು’, ‘ಹೀಗೆ ಮಾಡಿದರೆ ಏನಾಗುತ್ತೆ’ ಎಂಬಂಥವು. ಮೊದಲ ಸಲ ಎಣಿಸಿದಾಗ ಎರಡನೆಯ ಸಾಲಿನಲ್ಲಿ ಒಂದೆರಡು ಗೆರೆ ಬಿದ್ದರೆ ಅದೇ ಹೆಚ್ಚು.

ಇನ್ನೊಂದನ್ನು ಎಣಿಸಿ, ಪ್ರಶ್ನೆ ಕೇಳಿದ ಮೇಲಿನ ಮೌನವನ್ನು. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದು: ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಕಡಿಮೆಯಾಯಿತು. ನಯಾಪೈಸೆ ಖರ್ಚಿಲ್ಲದ ಸುಧಾರಣೆ. ಮಾಡಲು ಹೋದರೆ ಆ ಮೂರು ಸೆಕೆಂಡು ಯುಗದಂತೆ ಅನ್ನಿಸುತ್ತದೆ, ಅದಕ್ಕೇ ಮನಸ್ಸಿನಲ್ಲೇ ಎಣಿಸಲು ಶಿಕ್ಷಕರಿಗೆ ಹೇಳಿ.

ಮಾತುಕತೆ ಅದೇ ದಿನ, ಹೆಚ್ಚೆಂದರೆ ಮರುದಿನ. 20 ನಿಮಿಷ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಬೇಡ. ಒಂದೇ ವಿಷಯ ಎತ್ತಿಕೊಳ್ಳಿ. ಮಾತು ಹೀಗೆ ಸಾಗಬಹುದು:

‘ಮೇಡಂ, ಎರಡನೇ ಬೆಂಚಿನ ಹುಡುಗ ಗುಳ್ಳೆ ಒಳಗೆ ಗಾಳಿ ಇದೆ ಅಂದ. ಅವನು ಆಮೇಲೆ ಬರೆದದ್ದು ನೋಡಿದ್ರಾ?’

‘ಇಲ್ಲ ಸರ್, ಪೋರ್ಷನ್ ಮುಗಿಸೋ ಗಡಿಬಿಡಿ.’

‘ಗುಳ್ಳೆಯೊಳಗೆ ಏನಿದೆ ಅಂತ ಎಲ್ಲರ ಕೈಲೂ ಚೀಟೀಲಿ ಬರೆಸಿದ್ರೆ ಎಷ್ಟು ಹೊತ್ತು ಬೇಕಾಗುತ್ತೆ?’

‘ಮೂರು ನಿಮಿಷ ಸಾಕು.’

‘ನಾಳೆ ಮೊದಲ ಮೂರು ನಿಮಿಷ ಅದಕ್ಕೆ ಇಡಿ. ಚೀಟಿ ಇಬ್ಬರೂ ಕೂತು ನೋಡೋಣ.’

ಇಲ್ಲಿ ಮುಖ್ಯ ಶಿಕ್ಷಕರು ವಿಜ್ಞಾನ ಹೇಳಿಕೊಟ್ಟಿಲ್ಲ. ಒಬ್ಬ ಹುಡುಗನ ಮಾತನ್ನು ಹೊತ್ತು ತಂದಿದ್ದಾರೆ, ಅಷ್ಟೇ. ಅಂದಹಾಗೆ, ಆ ಹುಡುಗ ಪೂರ್ತಿ ತಪ್ಪಲ್ಲ. ನೀರು ಬೆಚ್ಚಗಾಗುವಾಗ ಏಳುವ ಸಣ್ಣ ಗುಳ್ಳೆಗಳಲ್ಲಿ ನೀರಿನಲ್ಲಿ ಕರಗಿದ್ದ ಗಾಳಿಯೇ ಇರುತ್ತದೆ, ಕುದಿಯುವಾಗಿನ ದೊಡ್ಡ ಗುಳ್ಳೆಗಳಲ್ಲಿ ಇರುವುದು ನೀರಾವಿ.

ತಿಂಗಳ ಸಭೆ

90 ನಿಮಿಷ. ಮೊದಲ 30 ಮಕ್ಕಳ ನೋಟ್‌ಬುಕ್ಕಿಗೆ, ಮುಂದಿನ 40 ಬರುವ ಪಾಠದ ಪ್ರಯೋಗವನ್ನು ಶಿಕ್ಷಕರೇ ಒಟ್ಟಿಗೆ ಮಾಡಿ ನೋಡಲು, ಕೊನೆಯ 20 ಸಾಮಾನು ಮತ್ತು ವೇಳಾಪಟ್ಟಿಗೆ. ಸುತ್ತೋಲೆಗಳಿಗೆ ಈ ಸಭೆಯಲ್ಲಿ ಪ್ರವೇಶವಿಲ್ಲ, ಒಂದು ಒಳಬಂದರೆ ಅದರ ಹಿಂದೆ ಹತ್ತು ಬರುತ್ತವೆ.

ನೋಟ್‌ಬುಕ್ ಆರು ಸಾಕು: ಚುರುಕಿನ ಇಬ್ಬರದು, ನಡುವಿನ ಇಬ್ಬರದು, ಹಿಂದುಳಿದ ಇಬ್ಬರದು. ಒಂದೇ ಪ್ರಶ್ನೆಯ ಉತ್ತರ ಹೋಲಿಸಿ. ಆರರಲ್ಲೂ ಅಕ್ಷರಶಃ ಒಂದೇ ವಾಕ್ಯವಿದ್ದರೆ ಅದು ಬೋರ್ಡಿನಿಂದ ಇಳಿಸಿಕೊಂಡದ್ದು. ಮಕ್ಕಳು ಏನೆಂದುಕೊಂಡಿದ್ದಾರೆ ಎಂಬುದು ಅದರಲ್ಲಿ ಸಿಗದು.

ಕನ್ನಡದ ಪದಗಳ ಮೇಲೆ ಕೂತು ಮಾತಾಡಲು ಒಂದು ಸಭೆಯನ್ನಾದರೂ ಮೀಸಲಿಡಿ, ವಿಜ್ಞಾನ ಓದದ ಮುಖ್ಯ ಶಿಕ್ಷಕರು ಹೆಚ್ಚು ನೆರವಾಗಬಲ್ಲ ಜಾಗ ಇದೇ. ಮನೆಮಾತಿನಲ್ಲಿ ‘ಶಕ್ತಿ’ ಎಂದರೆ ಕಸುವು, ಬಲ, ತಾಕತ್ತು ಎಲ್ಲವೂ. ವಿಜ್ಞಾನದ ಪುಸ್ತಕದಲ್ಲಿ ಶಕ್ತಿ ಬೇರೆ, ಬಲ ಬೇರೆ, ಸಾಮರ್ಥ್ಯ ಬೇರೆ, ಒಂದೊಂದಕ್ಕೂ ಒಂದೊಂದು ಮೂಲಮಾನ: ಜೂಲ್, ನ್ಯೂಟನ್, ವ್ಯಾಟ್. ‘ಕರೆಂಟ್ ಹೋಯ್ತು’, ‘ಕರೆಂಟ್ ಕಡಿಮೆ ಇದೆ’, ‘ಕರೆಂಟ್ ಬಿಲ್’ ಎನ್ನುವಾಗ ಮಗುವಿನ ಒಂದೇ ಪದ ವಿದ್ಯುತ್ ಪ್ರವಾಹ, ವಿಭವಾಂತರ (ವೋಲ್ಟೇಜ್), ಶಕ್ತಿ ಮೂರನ್ನೂ ಹೊರುತ್ತದೆ. ಒಗೆದ ಬಟ್ಟೆ ‘ಆರಿತು’, ಪಾತ್ರೆಯ ನೀರು ‘ಇಂಗಿತು’. ಇಂಗಿದ ನೀರು ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ, ಪಾತ್ರೆಯೊಳಗೇ ಹೋಯಿತು ಎನ್ನುವವರು ಇದ್ದೇ ಇರುತ್ತಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳಿರುವ ಬೆಂಗಳೂರಿನ ತರಗತಿಯಲ್ಲಿ ಇದು ಇನ್ನೂ ತೊಡಕು. ಇಂಗ್ಲಿಷ್ ವಿಭಾಗಕ್ಕೆ ಬಂದರೆ ಪದ ಬಾಯಿಪಾಠ, ಅರ್ಥ ಗಾಳಿಯಲ್ಲಿ. ಪಾಠಕ್ಕೆ ಐದರಂತೆ ಇಂಥ ಪದಗಳನ್ನು ಆರಿಸಿ, ಮನೆಯ ಅರ್ಥ ಎಡಕ್ಕೆ, ಪಾಠದ ಅರ್ಥ ಬಲಕ್ಕೆ ಬರೆದು ಗೋಡೆಗೆ ಅಂಟಿಸಿ.

ಜೀವಶಾಸ್ತ್ರ ಓದಿ ಬಂದ ಶಿಕ್ಷಕರು ವಿದ್ಯುತ್ತಿನ ಪಾಠವನ್ನು ಮಾತಿನಲ್ಲೇ ದಾಟಿಸುವುದು, ಭೌತವಿಜ್ಞಾನದವರು ಸೂಕ್ಷ್ಮದರ್ಶಕ ಮುಟ್ಟದಿರುವುದು ಎಲ್ಲ ಕಡೆ ಇದ್ದದ್ದೇ. ಬೈದರೆ ಫಲವಿಲ್ಲ. ಪಾಠಕ್ಕೆ ಎರಡು ವಾರ ಮೊದಲು ಇಬ್ಬರನ್ನೂ ಜೋಡಿ ಮಾಡಿ ಆ 40 ನಿಮಿಷದಲ್ಲಿ ಕೈಯಾಡಿಸಿದರೆ ಅಳುಕು ಅರ್ಧ ಇಳಿಯುತ್ತದೆ.

ವೇಳಾಪಟ್ಟಿ

ಇದು ನಿಮ್ಮ ಕೈಯಲ್ಲೇ ಇರುವ ಅಸ್ತ್ರ. ಪ್ರತಿ ತರಗತಿಗೆ ವಾರಕ್ಕೊಮ್ಮೆ ಎರಡು ಪಿರಿಯಡ್ ಜೋಡಿಯಾಗಿ ವಿಜ್ಞಾನಕ್ಕೆ ಕೊಡಿ. ಸಾಮಾನು ಜೋಡಿಸಲು ಹೊತ್ತು ಸಿಗಬೇಕಾದರೆ ಆ ಜೋಡಿ ಪಿರಿಯಡ್ ಊಟದ ಬಿಡುವಿನ ನಂತರ ಬರಲಿ. ಗಣಿತ, ವಿಜ್ಞಾನ ಶಿಕ್ಷಕರಿಗೆ ವಾರದಲ್ಲಿ ಒಂದು ಪಿರಿಯಡ್ ಒಟ್ಟಿಗೆ ಬಿಡುವಿರಲಿ, ಗೈರುಹಾಜರಾದವರ ತರಗತಿಗೆ ಆ ಬಿಡುವನ್ನು ಕಿತ್ತುಕೊಳ್ಳಬೇಡಿ.

ಅಕ್ಕಪಕ್ಕದ ಶಾಲೆಗಳು

ಐದಾರು ಮುಖ್ಯ ಶಿಕ್ಷಕರ ಗುಂಪು ಕಟ್ಟಿಕೊಳ್ಳಿ. ಶಾಲೆಗಳು ಎರಡು ಮೂರು ಕಿಲೋಮೀಟರಿನೊಳಗಿರಲಿ. ಯಲಹಂಕದವರು ಬನಶಂಕರಿಗೆ ಬರುವಷ್ಟರಲ್ಲಿ ಎರಡು ಗಂಟೆ ಹೆಬ್ಬಾಳದ ಟ್ರಾಫಿಕ್ಕಿಗೇ ಅರ್ಪಣೆಯಾಗಿರುತ್ತದೆ. ಸರದಿಯಂತೆ ಒಂದೊಂದು ಶಾಲೆಗೆ ಹೋಗಿ, ಎಲ್ಲರೂ ಒಂದೇ ಪಾಠ ನೋಡಿ, ಪ್ರತಿಯೊಬ್ಬರೂ ಮಕ್ಕಳಿಂದ ಕೇಳಿದ ಒಂದು ವಾಕ್ಯ ಓದಿ ಹೇಳಲಿ. ಶಾಲೆ ಶಾಲೆಗಳ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಹೋಲಿಕೆ ಶುರುವಾದ ದಿನ ಗುಂಪು ಮುಗಿಯಿತೆಂದೇ ತಿಳಿಯಿರಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದರೆ ಒಳ್ಳೆಯದೇ, ಅವರೂ ಬೆಂಚಿನಲ್ಲಿ ಕೂರಲಿ.

ಆಗಸ್ಟ್ 18, ಮತ್ತು ಊರೆಂಬ ಪ್ರಯೋಗಾಲಯ

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆರಡು ಸಲ ನಡುಹಗಲಿನ ಸೂರ್ಯ ನೆತ್ತಿಗೆ ನೇರ ಬರುತ್ತಾನೆ, ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಏಪ್ರಿಲ್ 24ರ ಸುಮಾರಿಗೆ ಬರುವುದು ಬೇಸಿಗೆ ರಜೆಗೆ ಸಿಕ್ಕಿಹೋಗುತ್ತದೆ, ಆಗಸ್ಟ್ 18ರ ಸುಮಾರಿಗೆ ಬರುವುದು ಶಾಲೆಗೆ ಸಿಗುತ್ತದೆ. ಹೊತ್ತು ಮಧ್ಯಾಹ್ನ 12 ಗಂಟೆ 24 ನಿಮಿಷದ ಆಸುಪಾಸು. 12ರಿಂದ 12.50ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಲಿ. ಕೆಡುವುದು ಮೂರು ಕಡೆ: ಕೋಲು ನೆಟ್ಟಗಿಲ್ಲದಿರುವುದು (ಗಾರೆ ಕೆಲಸದವರ ತೂಗುಗುಂಡಿನಿಂದ ನೋಡಿ), ನೆಲ ಇಳಿಜಾರಾಗಿರುವುದು, ಮೋಡ. ಮಳೆಗಾಲವಾದ್ದರಿಂದ ಹಿಂದಿನ ದಿನ, ಮುಂದಿನ ದಿನವನ್ನೂ ಕಾಯ್ದಿರಿಸಿ. ಒಂದು ದಿನದ ವ್ಯತ್ಯಾಸದಲ್ಲಿ ನೆರಳು ಕಣ್ಣಿಗೆ ಕಾಣದಷ್ಟೇ ಇರುತ್ತದೆ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರೂ ತಾರಾಲಯ, ಸುಮಾರು 300 ಕೋಟಿ ವರ್ಷ ಹಳೆಯ ಲಾಲ್‌ಬಾಗ್ ಬಂಡೆ ಎಲ್ಲವೂ ಒಂದು ಬಸ್ಸಿನ ದೂರದಲ್ಲಿವೆ. ಒಂದೇ ದಿನ ಮೂರನ್ನೂ ಸುತ್ತಿಸಬೇಡಿ, ಮಕ್ಕಳಿಗೆ ಉಳಿಯುವುದು ಐಸ್‌ಕ್ರೀಂ ಮಾತ್ರ. ಮೊದಲೇ ಹೋಗಿ ಪಾಠಕ್ಕೆ ಹೊಂದುವ ಎರಡು ಮೂರು ಪ್ರದರ್ಶನ ಆರಿಸಿ, ಅವುಗಳ ಮುಂದೆ ನಿಂತೇ ಪ್ರಶ್ನೆ ಬರೆದುಕೊಂಡು ಬನ್ನಿ.

ಬದಲಾವಣೆ ಗೊತ್ತಾಗುವುದು ಹೇಗೆ

ಎಸ್‌ಎಸ್‌ಎಲ್‌ಸಿ ಅಂಕ ಬರುವುದು ವರ್ಷ ಮುಗಿದ ಮೇಲೆ. ಅದಕ್ಕೆ ಕಾಯದೆ ಒಂಬತ್ತನೇ ತರಗತಿಗೆ ಜುಲೈಯಲ್ಲಿ ಐದು ಪ್ರಶ್ನೆ ಕೊಡಿ, ಅವನ್ನೇ ಜನವರಿಯಲ್ಲಿ ಮತ್ತೆ ಕೊಡಿ.

1. ಕುದಿಯುವ ನೀರಿನ ದೊಡ್ಡ ಗುಳ್ಳೆಯೊಳಗೆ ಏನಿದೆ?
2. ನೆರಳಿನಲ್ಲಿ ಆರಿದ ಬಟ್ಟೆಯ ನೀರು ಎಲ್ಲಿದೆ?
3. ಬಲ್ಬನ್ನು ದಾಟಿದ ಮೇಲೆ ವಿದ್ಯುತ್ ಪ್ರವಾಹ ಕಡಿಮೆಯಾಗುತ್ತದೆಯೇ?
4. ಬೀಜ ಮರವಾದಾಗ ಅಷ್ಟು ತೂಕ ಎಲ್ಲಿಂದ ಬಂತು?
5. ಮೇಲಕ್ಕೆಸೆದ ಕಲ್ಲು ತುತ್ತತುದಿಯಲ್ಲಿರುವಾಗ ಅದರ ಮೇಲೆ ಯಾವ ಬಲವಿದೆ?

ಉತ್ತರ ಕ್ರಮವಾಗಿ: ನೀರಾವಿ; ಗಾಳಿಯಲ್ಲಿ ಆವಿಯಾಗಿ; ಇಲ್ಲ, ಅಷ್ಟೇ ಇರುತ್ತದೆ; ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ; ಕೆಳಮುಖವಾದ ಗುರುತ್ವ ಬಲ. ನಾಲ್ಕನೆಯದಕ್ಕೆ ‘ಮಣ್ಣಿನಿಂದ’ ಎನ್ನುವವರೇ ಹೆಚ್ಚಿರುತ್ತಾರೆ, ಶಿಕ್ಷಕರ ಕೋಣೆಯಲ್ಲೂ. ಅಂಕ ಹಾಕಬೇಡಿ, ದರ್ಜೆ ಬೇಡ. ಎಷ್ಟು ಮಕ್ಕಳು ‘ಯಾಕೆಂದರೆ’ ಎಂದು ಕಾರಣ ಬರೆದಿದ್ದಾರೆ ಎಂದಷ್ಟೇ ಎಣಿಸಿ. ಜೊತೆಗೆ ಎರಡು ಅಂಕಿ: ಆ ತಿಂಗಳು ಮಕ್ಕಳ ಕೈಯಿಂದ ನಡೆದ ಪ್ರಯೋಗ ಎಷ್ಟು, ವೀಕ್ಷಣೆಯಲ್ಲಿ ಬಿದ್ದ ‘ಯಾಕೆ’ ಗೆರೆ ಎಷ್ಟು.

ಏಪ್ರಿಲ್: ಚಾರ್ಜ್ ಕೊಡುವ ಮೊದಲು

ವರ್ಗಾವಣೆ ಬಂದರೆ ಎಲ್ಲವೂ ಹಳೆಯ ಜಾಗಕ್ಕೆ ಮರಳುವುದು ಸಾಮಾನ್ಯ, ಏಕೆಂದರೆ ಚಾರ್ಜ್ ಪಟ್ಟಿಯಲ್ಲಿ ಬೆಂಚು, ಬೀರು, ನಗದು ಪುಸ್ತಕ ಇರುತ್ತವೆಯೇ ಹೊರತು ಇದು ಇರುವುದಿಲ್ಲ. ಒಂದು ತೆಳು ಫೈಲ್ ಮಾಡಿಡಿ: ಮೂರು ಕಾಲಂನ ವೀಕ್ಷಣೆ ಹಾಳೆಗಳು (ಶಿಕ್ಷಕರ ಒಪ್ಪಿಗೆ ಪಡೆದವು ಮಾತ್ರ), ಜುಲೈ ಮತ್ತು ಜನವರಿಯ ಉತ್ತರಗಳ ಎಣಿಕೆ, ಪದಪಟ್ಟಿ, ಯಾವ ಪ್ರಯೋಗಕ್ಕೆ ನಿಜವಾಗಿ ಎಷ್ಟು ನಿಮಿಷ ಹಿಡಿಯಿತು ಎಂಬ ಟಿಪ್ಪಣಿ, ಒಡೆದವುಗಳ ಪುಸ್ತಕ. ಬೀರುವಿನ ಎರಡನೇ ಕೀಲಿ ಯಾರ ಹತ್ತಿರವಿದೆ ಎಂಬುದನ್ನು ಮೊದಲ ಪುಟದಲ್ಲೇ ಬರೆದುಬಿಡಿ.